ಹಾರುವ ವಿದ್ಯೆಯೂ ಹಾರಿಸುವ ವ್ಯಾಪಾರವೂ

ಆಕಾಶದಲ್ಲಿ ಹತ್ತು ನಿಮಿಷ ತೂಗಾಡಿ ಇಳಿದವರೆಲ್ಲ ‘ನಾನು ಹಾರಿ ಬಂದೆ’ ಎಂದು ಹೇಳಿಕೊಳ್ಳುವ ಕಾಲವಿದು. ರಜೆಯಲ್ಲಿ ಹಿಮಾಚಲದ ಬೀರ್-ಬಿಲ್ಲಿಂಗಿಗೋ ಮಹಾರಾಷ್ಟ್ರದ ಕಾಮ್‌ಶೇತಕ್ಕೋ ಹೋಗುತ್ತಾರೆ. ಹಣ ಕೊಟ್ಟು, ಓದದ ಕಾಗದವೊಂದಕ್ಕೆ ಸಹಿ ಹಾಕಿ, ಪರಿಚಯವಿಲ್ಲದ ಪೈಲಟ್ ಒಬ್ಬನ ಮುಂದೆ ಪಟ್ಟಿಗಳಿಂದ ಕಟ್ಟಿಸಿಕೊಳ್ಳುತ್ತಾರೆ. ಕೆಳಗಿಳಿದ ಮೇಲೆ ಫೋಟೋ ಎಲ್ಲೆಲ್ಲಿಗೆ ಕಳಿಸಬೇಕೋ ಅಲ್ಲೆಲ್ಲ ಕಳಿಸಿ ಊರಿಗೆ ಹಿಂದಿರುಗುತ್ತಾರೆ. ಇದರಲ್ಲಿ ಪಾಪವೇನೂ ಇಲ್ಲ. ಎತ್ತಿನ ಗಾಡಿಯಲ್ಲಿ ಹಿಂದೆ ಕುಳಿತವನು ಗಾಡಿ ಹೊಡೆದೆನೆಂದು ಕೊಚ್ಚಿಕೊಂಡರೆ ಎತ್ತುಗಳಿಗೆ ನಷ್ಟವಿಲ್ಲ. ಆದರೆ ಆಡಳಿತ ನಡೆಸುವವರೂ ಪ್ರವಾಸೋದ್ಯಮದ ಮಹಾಶಯರೂ ಈ ತೂಗಾಟವನ್ನೇ ಹಾರಾಟವೆಂದು ನಂಬಿ, ಉತ್ಸವ ಬಂತೆಂದರೆ ಜೀಪಿಗೆ ಹಗ್ಗ ಕಟ್ಟಿ, ಹಗ್ಗದ ತುದಿಗೆ ಛತ್ರಿ ಕಟ್ಟಿ, ಛತ್ರಿಗೆ ಮನುಷ್ಯನನ್ನು ಕಟ್ಟಿ, ಮೈದಾನದ ಬಾಗಿಲಿಗೆ ‘ಸಾಹಸ ಕ್ರೀಡೆ’ ಎಂಬ ಫಲಕ ತೂಗಹಾಕುವುದನ್ನು ಕಂಡಾಗ ಸುಮ್ಮನಿರುವುದು ಕಷ್ಟ.

ನನ್ನ ಮಾತಿನ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ಯಾರಾಗ್ಲೈಡಿಂಗ್ ಎಂಬುದು ಒಂದು ವಿದ್ಯೆ. ಅದನ್ನು ಬರಿಯ ಸವಾರಿಯಾಗಿ ಮಾರುವುದರಿಂದ ವಿದ್ಯೆಯೂ ಕೆಡುತ್ತದೆ, ಜೀವಕ್ಕೂ ಅಪಾಯ. ಆ ವಿದ್ಯೆಗೆ ಬೇಕಾದ ಬಂಡವಾಳ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ಬಯಲಿನಿಂದ ಪ್ರತಿ ಬೇಸಗೆಯೂ ಯಾರ ಕಣ್ಣಿಗೂ ಬೀಳದೆ ಆಕಾಶಕ್ಕೆ ಏರಿ ಹೋಗುತ್ತಿದೆ. ಅದನ್ನು ಕಲಿಯುವ ಅವಕಾಶ ಆ ಸೀಮೆಯ ಹುಡುಗ ಹುಡುಗಿಯರಿಗೆ ಸಿಗಬೇಕು. ಸವಾರಿಯ ಅಂಗಡಿಗಳು ಬರುವುದಾದರೆ ಅದರ ತರುವಾಯ ಬರಲಿ.

ಹೀಗೆ ಹೇಳುವ ನಾನು ಚಿತ್ತಾಪುರ ತಾಲೂಕಿನವನು, ಶಹಾಬಾದದಲ್ಲಿ ಓದಿದವನು, ನಲವತ್ತು ದಾಟಿದ ಮೇಲೆ ಕಾಮ್‌ಶೇತದ ಗುಡ್ಡಗಳಲ್ಲಿ ಈ ವಿದ್ಯೆಗೆ ಕೈಹಾಕಿದವನು. ಪಂಡಿತನಲ್ಲ, ಇನ್ನೂ ಅಭ್ಯಾಸದಲ್ಲಿರುವವನು. ಕಲಿತವರು ಕಲಿತದ್ದನ್ನು ಮರೆಯುತ್ತಾರೆ. ಕಲಿಯುತ್ತಿರುವವನಿಗೆ ಪ್ರತಿಯೊಂದು ಮೆಟ್ಟಿಲೂ ಎಷ್ಟು ಎತ್ತರವೆಂಬುದು ಮೊಣಕಾಲಿಗೆ ಗೊತ್ತಿರುತ್ತದೆ. ಆ ಒಂದು ಅಧಿಕಾರದಿಂದ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಪ್ಯಾರಾಗ್ಲೈಡರ್ ಎಂದರೆ ಏನು? ಬಟ್ಟೆಯ ರೆಕ್ಕೆ. ಅದರ ಮುಂಬದಿಯಲ್ಲಿ ಸಾಲಾಗಿ ಬಾಯಿಗಳುಂಟು. ಗಾಳಿ ಒಳಹೊಕ್ಕು ಕೋಣೆಕೋಣೆಯಾಗಿ ತುಂಬಿಕೊಂಡಾಗ ಆ ಬಟ್ಟೆ ವಿಮಾನದ ರೆಕ್ಕೆಯ ಆಕಾರ ತಾಳುತ್ತದೆ. ಅದರಿಂದ ಇಳಿಬಿದ್ದ ತೆಳ್ಳನೆಯ ದಾರಗಳು ಪೈಲಟ್ ಕುಳಿತ ಜೋಲಿಯನ್ನು ಹೊರುತ್ತವೆ. ಯಂತ್ರವಿಲ್ಲ, ಎಣ್ಣೆಯಿಲ್ಲ, ಒಂದು ಕಟ್ಟಿಗೆಯ ತುಂಡೂ ಇಲ್ಲ. ಗಾಳಿ ತುಂಬಿಕೊಳ್ಳುವ ಈ ಬಗೆಯ ರೆಕ್ಕೆಯನ್ನು 1964ರಲ್ಲಿ ಅಮೆರಿಕದ ಡೊಮಿನಾ ಜಾಲ್ಬರ್ಟ್ ರೂಪಿಸಿದನು. 1978ರಲ್ಲಿ ಫ್ರಾನ್ಸಿನ ಮಿಯೆಸಿ ಎಂಬ ಬೆಟ್ಟದ ಹಳ್ಳಿಯಲ್ಲಿ ಮೂವರು ಗೆಳೆಯರು, ವಿಮಾನದಿಂದ ಧುಮುಕುವ ಖರ್ಚೇಕೆಂದು, ಅಂಥ ಪ್ಯಾರಾಶೂಟನ್ನು ಬಿಚ್ಚಿಕೊಂಡು ಇಳಿಜಾರಿನಲ್ಲಿ ಓಡಿ ಗಾಳಿಗೆ ಬಿದ್ದರು. ಕ್ರೀಡೆಯ ಜನ್ಮಕಥೆ ಇಷ್ಟೇ. ಶ್ರೀಮಂತರ ವೈಭವದಿಂದ ಹುಟ್ಟಿದ್ದಲ್ಲ, ಕಾಸು ಉಳಿಸುವ ಯೋಚನೆಯಿಂದ ಹುಟ್ಟಿದ್ದು ಎಂಬುದನ್ನು ಓದುಗರು ನೆನಪಿಡಬೇಕು. ಮುಂದೆ ಈ ಮಾತು ಉಪಯೋಗಕ್ಕೆ ಬರುತ್ತದೆ.

ಈ ರೆಕ್ಕೆ ನಿಶ್ಚಲವಾದ ಗಾಳಿಯಲ್ಲಿ ಸೆಕೆಂಡಿಗೆ ಒಂದು ಮೀಟರಿಗಿಂತ ತುಸು ಹೆಚ್ಚಾಗಿ ಇಳಿಯುತ್ತಲೇ ಇರುತ್ತದೆ. ಗಂಟೆಗೆ ಮೂವತ್ತೆಂಟು ಕಿಲೋಮೀಟರಿನಷ್ಟು ವೇಗದಲ್ಲಿ ಮುಂದಕ್ಕೆ ಜಾರುತ್ತ ನೆಲವನ್ನು ಸೇರುವುದೇ ಅದರ ಧರ್ಮ. ಹಾಗಾದರೆ ಇದನ್ನು ಕಟ್ಟಿಕೊಂಡವರು ಗಂಟೆಗಟ್ಟಲೆ ಮೇಲಿರುವುದು ಹೇಗೆ? ತಾನು ಇಳಿಯುವುದಕ್ಕಿಂತ ವೇಗವಾಗಿ ಏರುತ್ತಿರುವ ಗಾಳಿಯನ್ನು ಹುಡುಕಿ ಅದರೊಳಗೆ ಸುತ್ತುವುದರಿಂದ. ಸೆಕೆಂಡಿಗೆ ಎರಡೂವರೆ ಮೀಟರ್ ಏರುವ ಗಾಳಿ ಸಿಕ್ಕಿತೆನ್ನಿ. ಅದರೊಳಗೆ ಸುತ್ತುವವನು ಸೆಕೆಂಡಿಗೆ ಒಂದೂ ಕಾಲು ಮೀಟರಿಗೂ ಹೆಚ್ಚಾಗಿ ಏರುತ್ತಾನೆ. ಆರೇಳು ನಿಮಿಷದಲ್ಲಿ 500 ಮೀಟರ್ ಮೇಲೆ ಹೋಗಿರುತ್ತಾನೆ. ಈ ಗಾಳಿಗೆ ಇಂಗ್ಲಿಷಿನವರು ಥರ್ಮಲ್ ಎನ್ನುತ್ತಾರೆ. ನಾನು ಏರುಗಾಳಿ ಎನ್ನುತ್ತೇನೆ. ಅದನ್ನು ಹುಡುಕಬಲ್ಲವನು ಪೈಲಟ್. ಹುಡುಕಲಾರದವನು ನಿಧಾನವಾಗಿ ಬೀಳುತ್ತಿರುವವನು, ಅಷ್ಟೆ.

ಇನ್ನು ನಮ್ಮ ಸೀಮೆಯ ಮಾತು. ಹಳೆಯ ಮನೆಗಳ ನಡುಮನೆಯಲ್ಲಿ, ಬೇಸಗೆಯ ಮಧ್ಯಾಹ್ನ, ಬರಿಮೈಯಲ್ಲಿ ನೆಲದ ಮೇಲೆ ಮಲಗಿ ಬೆನ್ನು ತಣ್ಣಗೆ ಮಾಡಿಕೊಂಡ ಪಟ್ಟಣದ ಓದುಗರಿಗೆ ಶಹಾಬಾದ ಕಲ್ಲಿನ ಪರಿಚಯವುಂಟು. ಆ ಕಲ್ಲು ತಾನು ಹುಟ್ಟಿದ ಖಣಿಯಲ್ಲಿ ಹೇಗಿರುತ್ತದೆಂಬುದನ್ನು ಅವರು ಬಲ್ಲರೆ? ಏಪ್ರಿಲಿನಲ್ಲಿ ನೆರಳೊಳಗೆ 42 ಡಿಗ್ರಿ ಇದ್ದಾಗ ಬಿಸಿಲಿಗೆ ಬಿದ್ದ ಫರ್ಸಿಯ ಮೇಲೆ ಬರಿಗಾಲಿಡುವಂತಿಲ್ಲ. ಖಣಿಯ ಅಂಚು ಮುಗಿದಲ್ಲಿ ಎರೆಯ ಹೊಲ ತೊಡಗುತ್ತದೆ. ತೊಗರಿ ಕೊಯ್ದು, ಬಿಳಿಜೋಳ ಕೊಯ್ದು, ಫೆಬ್ರವರಿ ಕಳೆಯುವ ಹೊತ್ತಿಗೆ ಆ ಕರಿಯ ಮಣ್ಣು ಬಿರುಕುಬಿಟ್ಟು ಒಣಗಿ ನಿಂತಿರುತ್ತದೆ. ಒದ್ದೆ ನೆಲಕ್ಕೆ ಬಿದ್ದ ಬಿಸಿಲು ನೀರನ್ನು ಆವಿ ಮಾಡುವುದರಲ್ಲಿಯೇ ಸವೆಯುತ್ತದೆ. ಒಣನೆಲಕ್ಕೆ ಬಿದ್ದ ಬಿಸಿಲು ನೆಲವನ್ನೂ, ನೆಲಕ್ಕೆ ಅಂಟಿದ ಗಾಳಿಯನ್ನೂ ಕಾಯಿಸುತ್ತದೆ. ಅಕ್ಕಪಕ್ಕದಲ್ಲಿಯೇ ಕೆರೆಯ ನೀರು, ಕಾಗಿಣಾ ಹೊಳೆಯ ದಂಡೆಯ ಹಸಿರು, ಹಳ್ಳಿಯ ಬೇವಿನ ತೋಪು. ಒಂದು ಕಡೆ ಕಾದ ಗಾಳಿ, ಮಗ್ಗುಲಲ್ಲಿ ತಣ್ಣನೆಯ ಗಾಳಿ. ಬೀಸುವ ಗಾಳಿಯೊಂದು ಬಂದು ಅಲುಗಿಸಿದರೆ ಸಾಕು, ಕಾದದ್ದು ನೆಲವನ್ನು ಬಿಟ್ಟು ಏಳುತ್ತದೆ. ಅದು ಏಳುವುದು ಸಾಮಾನ್ಯವಾಗಿ ಅಂಚಿನಲ್ಲಿ: ಖಣಿಯ ಬಾಯಿ, ಕೆರೆಯ ಏರಿ, ಮರಗಳ ಸಾಲು, ಉತ್ತ ಹೊಲ ಮುಗಿದು ಬೀಳು ತೊಡಗುವ ಬದು.

ಏಳುವ ಒಣಗಾಳಿ ಸಾವಿರ ಮೀಟರಿಗೆ ಸುಮಾರು ಹತ್ತು ಡಿಗ್ರಿಯಂತೆ ತಂಪಾಗುತ್ತ ಹೋಗುತ್ತದೆ. ಸುತ್ತಲ ಗಾಳಿಗಿಂತ ಬೆಚ್ಚಗಿರುವ ತನಕ ಅದರ ಪ್ರಯಾಣ ನಿಲ್ಲುವುದಿಲ್ಲ. ಒಳಗಿನ ಆವಿ ಸಾಂದ್ರಗೊಂಡರೆ ತಲೆಯ ಮೇಲೊಂದು ಹತ್ತಿಯ ಮುದ್ದೆಯಂಥ ಮೋಡ ಕಟ್ಟುತ್ತದೆ. ಆವಿ ಸಾಲದಿದ್ದರೆ ಗುರುತೂ ಕಾಣಿಸದೆ ಹೋಗುತ್ತದೆ. ಗಾಳಿ ಬೀಸುತ್ತಿದ್ದರೆ ಈ ಕಂಬ ನೆಟ್ಟಗಿರದೆ ಓರೆಯಾಗಿ ವಾಲುತ್ತದೆ. ಆದುದರಿಂದ ಖಣಿಯ ನೆತ್ತಿಯಲ್ಲಿ ಏರುಗಾಳಿಯನ್ನು ಹುಡುಕುವವನಿಗೆ ಅದು ಸಿಕ್ಕುವುದಿಲ್ಲ. ಗಾಳಿ ಸಾಗುವ ದಿಕ್ಕಿಗೆ ಎಷ್ಟು ದೂರ ಸರಿದು ನೋಡಬೇಕೆಂಬ ಲೆಕ್ಕ ಅವನಿಗೆ ಬರಬೇಕು. ವಾಡಿ, ಸೇಡಂಗಳ ಸಿಮೆಂಟ್ ಕಾರ್ಖಾನೆಯ ಚಿಮಣಿಗಳನ್ನು ನಾವು ಹುಡುಗರಾಗಿದ್ದಾಗಿನಿಂದ ನೋಡಿದ್ದೇವೆ. ಅವುಗಳ ಹೊಗೆ ಬೆಳಗ್ಗೆ ಚಪ್ಪಟೆಯಾಗಿ ಮಲಗಿರುತ್ತದೆ. ಬಿಸಿಲೇರಿದ ಹಾಗೆಲ್ಲ ಅಲೆಯಲೆಯಾಗಿ ಮೇಲೆ ಕೆಳಗೆ ಹೊಯ್ದಾಡತೊಡಗುತ್ತದೆ. ಗಾಳಿಯ ದಿಕ್ಕು, ವೇಗ, ಅದು ಏರಿಳಿಯತೊಡಗಿದ ಹೊತ್ತು, ಈ ಮೂರೂ ಆ ಹೊಗೆಯಲ್ಲಿ ಬರೆದಿರುತ್ತದೆ. ಓದಲು ಕಲಿಸಿದವರು ಯಾರೂ ಇರಲಿಲ್ಲ.

ಅಕ್ಷರ ಕಲಿಸಿದವರು ಇರಲಿಲ್ಲವೆಂದೆ, ಬಲ್ಲವರು ಇರಲಿಲ್ಲವೆನ್ನಲಿಲ್ಲ. ಸೇಡಮ್ಮಿನ ಕಡೆಯ ಹೊಲವೊಂದರ ಬದುವಿನಲ್ಲಿ ಕುಳಿತಿದ್ದ ಮುದುಕರೊಬ್ಬರು ನನಗೆ ಹದ್ದು ತೋರಿಸಿ ಹೇಳಿದರು: “ನೋಡ್ರೀ ಸಾಹೇಬ್ರ, ರೆಕ್ಕಿ ಬಡೀಲಾರ್ದೇ ಹ್ಯಾಂಗ ಮ್ಯಾಲ ಹೊಂಟದ. ಕೆಳಗ ದೆವ್ವಗಾಳಿ ಎದ್ದಿತ್ತಂದ್ರ ಅದಕ್ಕ ಮೊದ್ಲ ಗೊತ್ತಾಗ್ತದ.” ಒಂದು ಪಠ್ಯಪುಸ್ತಕದ ಅಧ್ಯಾಯ ಆ ಎರಡು ಮಾತುಗಳಲ್ಲಿದೆ. ಬಯಲಿನಲ್ಲಿ ಧೂಳೆಬ್ಬಿಸಿ ತಿರುಗುವ ದೆವ್ವಗಾಳಿ ಏರುಗಾಳಿಯ ಬುಡ. ಹದ್ದು ಅದರ ತುದಿ. ನಡುವಿನದು ಕಣ್ಣಿಗೆ ಕಾಣದ ಕಂಬ. ಬುಡವನ್ನು ಕಂಡವನು ಹತ್ತಿರ ಸುಳಿಯಬಾರದು, ಅದು ನೆಲದಲ್ಲಿ ನಿಂತವನ ರೆಕ್ಕೆಯನ್ನೂ ಕಿತ್ತೊಯ್ಯಬಲ್ಲುದು. ತುದಿಯನ್ನು ಕಂಡವನು ಅದರ ಜೊತೆಗೆ ಸುತ್ತಬೇಕು, ಅದೂ ಅದು ಸುತ್ತುವ ದಿಕ್ಕಿಗೇ. ಈ ವಿವೇಕ ಬರುವುದಕ್ಕೆ ಕೆಲವು ವರ್ಷಗಳು ಬೇಕು.

ಈಗ ಸವಾರಿಯ ವ್ಯಾಪಾರಿಗಳನ್ನು ನಾನು ಕೇಳುವ ಪ್ರಶ್ನೆ: ಇದರಲ್ಲಿ ಎಷ್ಟನ್ನು ನಿಮ್ಮ ಗಿರಾಕಿ ಕಲಿತು ಹೋಗುತ್ತಾನೆ? ಕಲಿಯುವವನ ದಾರಿಯೇ ಬೇರೆ. ಮೊದಲಿಗೆ ಅವನು ಹಾರುವುದೇ ಇಲ್ಲ. ದಿನಗಟ್ಟಲೆ ಸಮತಟ್ಟಾದ ನೆಲದ ಮೇಲೆ ನಿಂತು, ರೆಕ್ಕೆಯನ್ನು ತಲೆಯ ಮೇಲೆತ್ತಿ, ಅದು ಎಡಕ್ಕೆ ವಾಲಿದರೆ ಎಡಕ್ಕೆ ಓಡಿ, ಬಲಕ್ಕೆ ವಾಲಿದರೆ ಬಲಕ್ಕೆ ಓಡಿ, ಬೆವರು ಸುರಿಸುತ್ತಾನೆ. ನೋಡುವವರಿಗೆ ಹುಚ್ಚನೊಬ್ಬ ಚಾದರದೊಡನೆ ಕುಸ್ತಿಯಾಡಿದಂತೆ ಕಾಣುತ್ತದೆ. ಅನಂತರ ಸಣ್ಣ ದಿಬ್ಬದಿಂದ ನಾಲ್ಕು ಹೆಜ್ಜೆಯ ಹಾರಾಟ. ಅನಂತರ ದೊಡ್ಡ ಗುಡ್ಡದಿಂದ ಬೆಳಗಿನ, ಸಂಜೆಯ ಮೆತ್ತನೆಯ ಗಾಳಿಯಲ್ಲಿ ಇಳಿಯುವುದು. ಗುಡ್ಡಕ್ಕೆ ಬಡಿದು ಮೇಲೇಳುವ ಗಾಳಿಯಲ್ಲಿ ಹಿಂದೆ ಮುಂದೆ ಸಾಗುವುದು. ಇದೆಲ್ಲ ಆದಮೇಲೆ ಒಂದು ದಿನ, ಬಿಸಿಲು ಬಲಿಯುವ ಮುನ್ನ, ಅವನು ಏರುಗಾಳಿಯ ಬಾಗಿಲಿಗೆ ಬರುತ್ತಾನೆ.

ಆ ಬಾಗಿಲಲ್ಲಿ ಏನಾಗುತ್ತದೆಂಬುದನ್ನು ಸ್ವಲ್ಪ ವಿವರಿಸಬೇಕು. ಎದೆಯ ಬಳಿಯ ವೇರಿಯೋಮೀಟರ್ ಎಂಬ ಉಪಕರಣ, ಇಳಿಯುತ್ತಿದ್ದಾಗ ಸುಮ್ಮನಿದ್ದದ್ದು, ಏರತೊಡಗಿದ ಕ್ಷಣವೇ ಕುಂಯ್ ಕುಂಯ್ ಎಂದು ಕೂಗಲಾರಂಭಿಸುತ್ತದೆ. ಅದಕ್ಕೂ ಮೊದಲು ಕುಳಿತ ಜೋಲಿಯ ಒಂದು ಪಕ್ಕ ಮೇಲಕ್ಕೆ ಎತ್ತಿದಂತಾಗುತ್ತದೆ. ಯಾವ ಪಕ್ಕ ಎತ್ತಿತೋ ಆ ಪಕ್ಕದಲ್ಲಿ ಕಂಬವಿದೆ. ಆದರೆ ರೆಕ್ಕೆ ತನ್ನಷ್ಟಕ್ಕೆ ಬಿಟ್ಟರೆ ಕಂಬದಿಂದ ಹೊರಕ್ಕೆ ತಿರುಗಿಬಿಡುತ್ತದೆ. ಹೊಸಬನು ಹೆದರಿ ಅದನ್ನು ಹಾಗೆಯೇ ಬಿಡುತ್ತಾನೆ. ಅಭ್ಯಾಸವಾದವನು ಮೂರು ನಾಲ್ಕು ಎಣಿಸಿ, ಎತ್ತಿದ ಕಡೆಗೇ ವಾಲಿ, ಒಳಗಿನ ಹಗ್ಗವನ್ನು ಹದವಾಗಿ ಎಳೆಯುತ್ತಾನೆ. ಒಂದು ಸುತ್ತಿಗೆ ಹದಿನೈದು ಇಪ್ಪತ್ತು ಸೆಕೆಂಡು. ಸುತ್ತಿನ ಯಾವ ಭಾಗದಲ್ಲಿ ಕೂಗು ಜೋರಾಯಿತು, ಯಾವ ಭಾಗದಲ್ಲಿ ಅಡಗಿತು ಎಂಬುದನ್ನು ನೆನಪಿಟ್ಟುಕೊಂಡು ಮುಂದಿನ ಸುತ್ತನ್ನು ಜೋರಾದ ಕಡೆಗೆ ಸರಿಸಬೇಕು. ಕಂಬದ ಅಂಚಿನಲ್ಲಿ ಗಾಳಿ ಇಳಿಯುತ್ತಿರುತ್ತದೆ. ಅಲ್ಲಿಗೆ ಬಂದಾಗ ರೆಕ್ಕೆಯ ಒಂದು ಬದಿ ಮುದುಡಬಹುದು. ಮುದುಡಿದ್ದನ್ನು ಬಿಡಿಸುವ ಚಾಕಚಕ್ಯ ಕೈಗೆ ಬರಬೇಕು, ಮುದುಡದಂತೆ ನೋಡಿಕೊಳ್ಳುವ ಜಾಣ್ಮೆ ಅದಕ್ಕೂ ಮೊದಲು ಬರಬೇಕು. ಎಲ್ಲಕ್ಕಿಂತ ಮೊದಲು, ಇಂದಿನ ಗಾಳಿ ನನ್ನಂಥವನದಲ್ಲವೆಂದು ಗಂಟು ಕಟ್ಟಿಕೊಂಡು ಮನೆಗೆ ನಡೆಯುವ ಬುದ್ಧಿ ಬರಬೇಕು. ಈ ಕಡೆಯ ವಿದ್ಯೆಯನ್ನು ಟಿಕೆಟ್ಟಿನ ವ್ಯಾಪಾರದಲ್ಲಿ ಕಲಿಸುವುದು ಹೇಗೆ? ಹಣ ಕೊಟ್ಟ ಗಿರಾಕಿ ಸಾಲಿನಲ್ಲಿ ನಿಂತಿದ್ದಾನೆ, ಸಂಜೆಯ ರೈಲಿಗೆ ಹೊರಡುವವನಿದ್ದಾನೆ. ಇಂದು ಗಾಳಿ ಕೆಟ್ಟಿದೆಯೆಂದು ಅಂಗಡಿ ಮುಚ್ಚುವವನು ಬಾಡಿಗೆ ಕಟ್ಟುವುದು ಹೇಗೆ? ವ್ಯಾಪಾರ ಮಾಡುವವರೆಲ್ಲ ದುಷ್ಟರೆಂದು ನಾನು ಹೇಳುವುದಿಲ್ಲ. ಅವರಲ್ಲಿ ಒಳ್ಳೆಯ ಪೈಲಟರನ್ನು ನಾನು ಬಲ್ಲೆ. ಆ ವ್ಯವಸ್ಥೆ ವಿವೇಕಿಯನ್ನು ದಂಡಿಸಿ ದುಡುಕುವವನಿಗೆ ಬಹುಮಾನ ಕೊಡುತ್ತದೆ ಎನ್ನುತ್ತೇನೆ.

ಅಪಘಾತದ ಮಾತನ್ನು ಮುಚ್ಚಿಡುವುದು ಸರಿಯಲ್ಲ. 2020ರ ಅಕ್ಟೋಬರಿನಲ್ಲಿ ಕಾರವಾರದ ಕಡಲತೀರದಲ್ಲಿ, ಬೆನ್ನಿಗೆ ಯಂತ್ರ ಕಟ್ಟುವ ಪ್ಯಾರಾಮೋಟರಿನ ಅವಘಡದಲ್ಲಿ ನೌಕಾಪಡೆಯ ಅಧಿಕಾರಿಯೊಬ್ಬರು ತೀರಿಕೊಂಡರು. 2007ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯದ ಮನಿಲ್ಲಾ ಎಂಬಲ್ಲಿ ಸ್ಪರ್ಧೆಯ ಅಭ್ಯಾಸದ ವೇಳೆ ಜರ್ಮನಿಯ ತಂಡದ ಏವಾ ವಿಸ್ನಿಯರ್ಸ್ಕಾ ಎಂಬಾಕೆಯನ್ನು ಗುಡುಗಿನ ಮೋಡವೊಂದು ಸೆಳೆದುಕೊಂಡು ಹತ್ತು ಸಾವಿರ ಮೀಟರಿನ ಹತ್ತಿರಕ್ಕೆ ಒಯ್ದಿತು. ಆಕೆ ಮಂಜುಗಟ್ಟಿ, ಪ್ರಜ್ಞೆ ತಪ್ಪಿ, ಪವಾಡವೆಂಬಂತೆ ಬದುಕಿ ಇಳಿದರು. ಅದೇ ದಿನ ಅದೇ ಮೋಡಗಳಿಗೆ ಸಿಕ್ಕ ಚೀನದ ಪೈಲಟ್ ಒಬ್ಬರು ಬದುಕಲಿಲ್ಲ. ನಮ್ಮ ಸೀಮೆಯಲ್ಲಿಯೂ ಏಪ್ರಿಲ್-ಮೇ ತಿಂಗಳ ಸಂಜೆಗಳಲ್ಲಿ ಅಂಥ ಮೋಡಗಳು ಕಟ್ಟುವುದನ್ನು, ಸಿಡಿಲಿಗೆ ದನಕರುಗಳೂ ಮನುಷ್ಯರೂ ಬಲಿಯಾಗುವುದನ್ನು ಎಲ್ಲರೂ ಬಲ್ಲರು. ಅಪಾಯವಿದೆ. ಆದರೆ ಅಪಾಯ ಕಂಡಾಗ ನಮ್ಮ ಕಚೇರಿಗಳಿಗೆ ತೋಚುವ ಉಪಾಯ ಎರಡೇ: ಬಿದ್ದ ಮರುದಿನ ಎಲ್ಲವನ್ನೂ ನಿಷೇಧಿಸುವುದು, ಆರು ತಿಂಗಳು ಕಳೆದ ಮೇಲೆ ಎಲ್ಲವನ್ನೂ ಮರೆಯುವುದು. ಈಜಲು ಬಾರದೆ ಹುಡುಗರು ಕೆರೆಯಲ್ಲಿ ಮುಳುಗುತ್ತಾರೆಂದು ಕೆರೆಗೆ ಬೇಲಿ ಹಾಕುವ ಊರಿನಲ್ಲಿ ಈಜು ಕಲಿಸುವವರು ಹುಟ್ಟುವುದಿಲ್ಲ. ಹುಡುಗರು ಬೇಲಿ ಹಾರಿ ಮುಳುಗುತ್ತಾರೆ.

ನೆಲದ ಮೇಲಿನ ಅಭ್ಯಾಸಕ್ಕೆಂದು, ಹಾರುವುದಕ್ಕಲ್ಲ, ಒಂದು ಬೀಳು ಬಯಲನ್ನು ವಾರಕ್ಕೆರಡು ಬೆಳಗ್ಗೆ ಬಳಸಲು ಅನುಮತಿ ಕೇಳಿಕೊಂಡು ನಾನೊಮ್ಮೆ ಒಂದು ಕಚೇರಿಗೆ ಹೋಗಿದ್ದೆ. ಮೇಜಿನ ಆಚೆಯವರು ಒಳ್ಳೆಯವರೇ, ಚಹ ತರಿಸಿದರು. “ಹಾರಾದು ಬ್ಯಾಡ್ರೀ ಸರ, ಬಿದ್ರ ನಮ್ಮ ಮ್ಯಾಲ ಬರ್ತದ,” ಎಂದರು. ಹಾರುವುದಿಲ್ಲ, ನೆಲದ ಮೇಲೆಯೇ ನಿಂತಿರುತ್ತೇವೆ ಎಂದೆ. “ಹಂಗಾದ್ರ ಅನುಮತಿ ಯಾಕ ಬೇಕ್ರೀ?” ಎಂದರು. ಬೇಡವಾದರೆ ಬೇಡವೆಂದು ಬರೆದುಕೊಡಿ ಎಂದೆ. ಅದನ್ನು ಬರೆದುಕೊಡುವ ಅಧಿಕಾರ ಅವರಿಗೆ ಇರಲಿಲ್ಲ. ಮುಂದಿನ ಉತ್ಸವಕ್ಕೆ ಜೀಪೂ ಹಗ್ಗವೂ ಛತ್ರಿಯೂ ಎಂದಿನಂತೆ ಬಂದವು. ಅದಕ್ಕೆ ಯಾರ ಅನುಮತಿ ಇತ್ತೆಂದು ನಾನು ಕೇಳಲಿಲ್ಲ. ಹತ್ತು ನಿಮಿಷದ ತಮಾಷೆಗೆ ಬಾಗಿಲು ತೆರೆದಿರುತ್ತದೆ, ಹತ್ತು ತಿಂಗಳ ಅಭ್ಯಾಸಕ್ಕೆ ಚಿಲಕ ಬಿದ್ದಿರುತ್ತದೆ. ನನ್ನ ಜಗಳವೆಲ್ಲ ಈ ಬಾಗಿಲ ಹತ್ತಿರ.

ಕಾಗದದಲ್ಲಿ ನಮಗೇನೂ ಕೊರತೆಯಿಲ್ಲ. ಕೇಂದ್ರ ಸರಕಾರ 2022ರ ಜೂನಿನಲ್ಲಿ ರಾಷ್ಟ್ರೀಯ ವಾಯುಕ್ರೀಡಾ ನೀತಿಯನ್ನು ಪ್ರಕಟಿಸಿತು. ಹನ್ನೊಂದು ಬಗೆಯ ಕ್ರೀಡೆಗಳನ್ನು ಅದರಲ್ಲಿ ಪಟ್ಟಿ ಮಾಡಿದ್ದಾರೆ, ಪ್ಯಾರಾಗ್ಲೈಡಿಂಗೂ ಅವುಗಳಲ್ಲೊಂದು. 2030ರ ಹೊತ್ತಿಗೆ ಭಾರತವನ್ನು ಜಗತ್ತಿನ ಮುಂಚೂಣಿಯ ವಾಯುಕ್ರೀಡಾ ರಾಷ್ಟ್ರಗಳಲ್ಲಿ ಒಂದನ್ನಾಗಿ ಮಾಡುವ ಆಶಯವನ್ನೂ ಬರೆದಿದ್ದಾರೆ. ಸಂತೋಷ. ದಿಲ್ಲಿಯಲ್ಲಿ ಬರೆದ ಆಶಯ ಚಿತ್ತಾಪುರದ ಬಯಲಿಗೆ ಇಳಿಯಬೇಕಾದರೆ ಏನು ಬೇಕು? ಒಬ್ಬ ಶಿಕ್ಷಕ, ಒಂದು ಬಯಲು, ಹಾರಾಟದ ಗಂಟೆಗಳನ್ನು ಬರೆದಿಡುವ ಒಂದು ಪುಸ್ತಕ. ಇವುಗಳಿಲ್ಲದೆ ಮುಂಚೂಣಿ ತಲುಪುವುದು ಹೇಗೆಂದು ನನಗೆ ತಿಳಿಯದು.

ವಿರೋಧಿಗಳ ಆಕ್ಷೇಪಗಳಿಗೆ ಬರುತ್ತೇನೆ. ಮೊದಲನೆಯದು: ನಿಮ್ಮ ಸೀಮೆಯಲ್ಲಿ ಬೆಟ್ಟವೆಲ್ಲಿದೆ? ಬೆಟ್ಟವಿದ್ದರೆ ಅನುಕೂಲ, ಇಲ್ಲದಿದ್ದರೆ ವಿಂಚ್ ಎಂಬ ರಾಟೆಯುಂಟು. ಬಯಲಿನ ತುದಿಯಲ್ಲಿ ರಾಟೆಯಿಟ್ಟು, ಉದ್ದನೆಯ ಹಗ್ಗವನ್ನು ಸುತ್ತುತ್ತ ಪೈಲಟನನ್ನು 300–400 ಮೀಟರ್ ಎತ್ತರಕ್ಕೆ ಸೆಳೆದು, ಅಲ್ಲಿ ಅವನು ಹಗ್ಗ ಬಿಚ್ಚಿಕೊಂಡು ತನ್ನ ದಾರಿ ಹಿಡಿಯುತ್ತಾನೆ. ಜೀಪಿನ ಛತ್ರಿಗೂ ಇದಕ್ಕೂ ಅಂತರವಿಷ್ಟೆ: ಅಲ್ಲಿ ಹಗ್ಗವೇ ಆಟ, ಇಲ್ಲಿ ಹಗ್ಗ ಬಿಟ್ಟ ಮೇಲೆ ಆಟ. ಜಗತ್ತಿನ ಅತಿ ದೂರದ ಹಾರಾಟಗಳು ಆಲ್ಪ್ಸಿನಲ್ಲಿಯೋ ಹಿಮಾಲಯದಲ್ಲಿಯೋ ನಡೆದವೆಂದು ತಿಳಿದವರಿಗೆ ಒಂದು ಸಂಗತಿ ಹೇಳುತ್ತೇನೆ. 2019ರ ಅಕ್ಟೋಬರಿನಲ್ಲಿ ಬ್ರೆಜಿಲಿನ ಈಶಾನ್ಯದ ಸೆರ್ಟಾವ್ ಎಂಬ ಸೀಮೆಯಲ್ಲಿ ಮೂವರು ಒಂದೇ ಹಗಲಿನಲ್ಲಿ 580 ಕಿಲೋಮೀಟರಿಗೂ ಮಿಕ್ಕಿ ಹಾರಿದರು. 2021ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಒಬ್ಬನು ಸುಮಾರು 610 ಕಿಲೋಮೀಟರ್ ಹಾರಿದನು. ಎರಡೂ ಬಿಸಿಲಿಗೆ ಬೆಂದ ನಾಡುಗಳು. ಸೆರ್ಟಾವ್ ಎಂದರೆ ಬರಗಾಲ, ಮುಳ್ಳುಕಂಟಿ, ಊರು ಬಿಟ್ಟು ದುಡಿಯಲು ಹೋಗುವ ಜನ. ಅದರ ವರ್ಣನೆ ಕೇಳಿದರೆ ನಮ್ಮ ಸೀಮೆಯವರಿಗೆ ಯಾರೋ ತಮ್ಮ ಮನೆಯ ಮಾತಾಡಿದಂತಿರುತ್ತದೆ. ಅಲ್ಲಿ ಕಡಲಿನಿಂದ ದಿನವೂ ಒಂದೇ ಸಮನೆ ಬೀಸುವ ಗಾಳಿಯ ನೆರವುಂಟು, ನಮ್ಮಲ್ಲಿ ಅದಿಲ್ಲ. ಆದುದರಿಂದ ವಾಡಿಯಲ್ಲಿ ನಾಳೆಯೇ ವಿಶ್ವದಾಖಲೆ ಎಂದು ನಾನು ಡಂಗುರ ಹೊಡೆಯುತ್ತಿಲ್ಲ. ಸಮತಟ್ಟಾದ ಬಿಸಿಲುಸೀಮೆ ಹಾರಾಟಕ್ಕೆ ಅನರ್ಹವೆಂಬ ಮಾತು ಸುಳ್ಳೆಂದು ಮಾತ್ರ ಹೇಳುತ್ತಿದ್ದೇನೆ.

ಎರಡನೆಯ ಆಕ್ಷೇಪ ಗಂಭೀರವಾದದ್ದು: ಹೊಟ್ಟೆಗೆ ಹಿಟ್ಟಿಲ್ಲದವರಿಗೆ ಜುಟ್ಟಿಗೆ ಮಲ್ಲಿಗೆ ಹೂವೆ? ಖಣಿಯಲ್ಲಿ ಫರ್ಸಿ ಸೀಳುವವನಿಗೆ ಬಿಸಿಲು ಕ್ರೀಡೆಯಲ್ಲ, ಶಿಕ್ಷೆ. ಈ ಮಾತನ್ನು ಗೌರವದಿಂದ ಕೇಳಬೇಕು. ಬಿಸಿಲನ್ನು ಹೊಗಳಿ ಪದ್ಯ ಬರೆಯುವ ಹಕ್ಕು ನೆರಳಿನಲ್ಲಿ ಕುಳಿತವನಿಗೆ ಇಲ್ಲ. ಖಣಿಯವನಿಗೆ ಮೊದಲು ನೀರು, ನೆರಳು, ನ್ಯಾಯವಾದ ಕೂಲಿ ಸಿಗತಕ್ಕದ್ದು. ಆದರೆ ಈ ಆಕ್ಷೇಪವನ್ನು ಎತ್ತುವವರು ಸಾಮಾನ್ಯವಾಗಿ ಖಣಿಯವರಲ್ಲ. ತಮ್ಮ ಮಕ್ಕಳನ್ನು ಬೆಂಗಳೂರಿನ ಈಜುಕೊಳಕ್ಕೂ ಟೆನಿಸ್ ಅಂಗಳಕ್ಕೂ ಕಳಿಸುವವರು. ಬಡ ಸೀಮೆಗೆ ಬರಿಯ ಅನ್ನವೇ ಸಾಕು, ವಿದ್ಯೆ ಬೇಡ ಎಂಬ ದಯೆಯಲ್ಲಿ ಅಹಂಕಾರ ಅಡಗಿದೆ. ಸಂವಿಧಾನದ 371ಜೆ ವಿಧಿಯ ಮೂಲಕ ಈ ಪ್ರದೇಶಕ್ಕೆ ವಿಶೇಷ ಸ್ಥಾನ ಬಂದಿತು, ಅಭಿವೃದ್ಧಿ ಮಂಡಳಿ ಬಂದಿತು, 2019ರಲ್ಲಿ ಕಲ್ಯಾಣ ಕರ್ನಾಟಕವೆಂಬ ಹೆಸರೂ ಬಂದಿತು. ಮಂಡಳಿಯ ಹಣದಲ್ಲಿ ಕಟ್ಟಡಗಳು ಏಳಲಿ, ರಸ್ತೆಗಳು ಬರಲಿ. ಒಂದು ಕಮಾನಿನ ಖರ್ಚಿನಲ್ಲಿ ಶಾಲೆಯೊಂದಕ್ಕೆ ಬೇಕಾದ ನಾಲ್ಕಾರು ರೆಕ್ಕೆಗಳು ಬರುತ್ತವೆ. ಒಂದೊಂದಕ್ಕೆ ಲಕ್ಷಗಟ್ಟಲೆ ಬೆಲೆಯೆಂಬುದು ನಿಜ. ಒಂಟಿಯಾಗಿ ಕೊಳ್ಳುವುದು ಬಡವನಿಗೆ ಆಗದು. ಆದುದರಿಂದಲೇ ಅದು ಸಾರ್ವಜನಿಕವಾಗಿರಬೇಕು, ಗ್ರಂಥಾಲಯದ ಪುಸ್ತಕದಂತೆ.

ಮೂರನೆಯದು: ಆಕಾಶ ಯಾರದು? ಈ ಪ್ರಶ್ನೆಯನ್ನು ಬಹಳ ಮಂದಿ ಕೇಳುವುದಿಲ್ಲ, ಕೇಳಬೇಕು. ನಮ್ಮ ಆಕಾಶ ಬರಿದಾಗಿಲ್ಲ. ಬೀದರಿನಲ್ಲಿ ವಾಯುಪಡೆಯ ತರಬೇತಿ ನೆಲೆಯಿದೆ. ಯುದ್ಧವಿಮಾನ ಕಲಿಯುವವರು ಅಲ್ಲಿಂದ ಏಳುತ್ತಾರೆ, ಚಿಂಚೋಳಿ ಅಲ್ಲಿಗೆ ದೂರವಲ್ಲ. ಕಲಬುರಗಿಯ ವಿಮಾನ ನಿಲ್ದಾಣ 2019ರ ನವೆಂಬರಿನಲ್ಲಿ ತೆರೆಯಿತು. ಅವರ ದಾರಿಗೆ ಬಟ್ಟೆಯ ರೆಕ್ಕೆಯವನು ಅಡ್ಡ ಬಂದರೆ ಇಬ್ಬರಿಗೂ ಆಪತ್ತು. ನೆಲದ ಮೇಲೂ ಅಷ್ಟೆ: ಸಿಮೆಂಟ್ ಕಾರ್ಖಾನೆಗಳಿಗೆ ಓಡುವ ಹೈ ಟೆನ್ಶನ್ ತಂತಿಗಳು, ವಾಡಿಯಿಂದ ನಾಲ್ದೆಸೆಗೆ ಹೊರಡುವ ರೈಲಿನ ವಿದ್ಯುತ್ ತಂತಿಗಳು, ಸಿಡಿಮದ್ದಿನ ಖಣಿಗಳು. ಇನ್ನು ಗುಡ್ಡ ಬೇಕೆಂದು ಚಿಂಚೋಳಿಯ ಕಡೆಗೆ ಕಣ್ಣು ಹಾಕುವವರು ಕುಂಚಾವರಂ ಕಾಡನ್ನು ಬಿಟ್ಟುಬಿಡಲಿ. 2011ರಿಂದ ಅದು ವನ್ಯಧಾಮ, ಅಲ್ಲಿ ನಮ್ಮ ಗದ್ದಲಕ್ಕೆ ಎಡೆಯಿಲ್ಲ. ಹೀಗೆ ಒಂದೊಂದನ್ನೇ ಕಳೆಯುತ್ತ ಹೋದರೆ ಎಲ್ಲಿ, ಯಾವ ಎತ್ತರದವರೆಗೆ, ಯಾವ ಹೊತ್ತಿನಲ್ಲಿ ಹಾರಬಹುದೆಂಬ ನಕ್ಷೆ ಸಿದ್ಧವಾಗುತ್ತದೆ. ವಾಯುಪಡೆ, ವಿಮಾನ ನಿಲ್ದಾಣ, ಜಿಲ್ಲಾಡಳಿತ ಈ ಮೂವರು ಒಂದು ದಿನ ಕುಳಿತರೆ ಅದು ಸಾಧ್ಯ. ನಿಷೇಧಕ್ಕೆ ಒಂದು ಸಾಲು ಸಾಕು; ನಕ್ಷೆಗೆ ಬುದ್ಧಿ ಖರ್ಚಾಗುತ್ತದೆ. ಹಿಮಾಚಲದವರು ಮಳೆಗಾಲದಲ್ಲಿ ಜುಲೈ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಹಾರಾಟ ನಿಲ್ಲಿಸುತ್ತಾರೆ, ಆಮೇಲೆ ತೆರೆಯುತ್ತಾರೆ. ಕಾಲವನ್ನೂ ಎಡೆಯನ್ನೂ ನೋಡಿ ಮಾಡಿದ ನಿಯಮವನ್ನು ಯಾರೂ ಮುರಿಯಲು ಇಚ್ಛಿಸುವುದಿಲ್ಲ.

ಇಷ್ಟಕ್ಕೂ, ಇದನ್ನು ಕಲಿತವರೆಲ್ಲ ಹಾರಲೇಬೇಕೆಂಬ ಹಟ ನನಗಿಲ್ಲ. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಫೆಬ್ರವರಿಯ ಒಂದು ದಿನ ಮಕ್ಕಳನ್ನು ಹೊರಗೆ ಕರೆದೊಯ್ಯಲಿ. ಒಂದು ಥರ್ಮಾಮೀಟರನ್ನು ಎರೆಮಣ್ಣಿನ ಮೇಲೂ, ಒಂದನ್ನು ಫರ್ಸಿಯ ಮೇಲೂ, ಒಂದನ್ನು ಕೆರೆಯ ದಂಡೆಯ ಹುಲ್ಲಿನ ಮೇಲೂ ಇಟ್ಟು ಗಂಟೆಗೊಮ್ಮೆ ಬರೆಯಿಸಲಿ. ಚಿಮಣಿಯ ಹೊಗೆಯನ್ನು ಹೊತ್ತುಹೊತ್ತಿಗೆ ಚಿತ್ರಿಸಲಿ. ಹದ್ದು ಯಾವ ಗಳಿಗೆಗೆ ರೆಕ್ಕೆ ಬಡಿಯುವುದನ್ನು ನಿಲ್ಲಿಸಿತೆಂದು ಗುರುತುಹಾಕಲಿ. ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ ಮಗುವಿಗೆ ಭೌತಶಾಸ್ತ್ರವೆಂದರೆ ಏನೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದಾಗ, ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷನ ಆಶ್ರಯದಲ್ಲಿ ಮಹಾವೀರಾಚಾರ್ಯ ಗಣಿತಸಾರಸಂಗ್ರಹವನ್ನು ರಚಿಸಿದನು. ವೃತ್ತದ ಲೆಕ್ಕವನ್ನು ಲೋಕಕ್ಕೆ ಹೇಳಿಕೊಟ್ಟ ನೆಲದಲ್ಲಿ ಇಂದು ಹದ್ದಿನ ವೃತ್ತವನ್ನು ಎಣಿಸುವ ಮಕ್ಕಳಿಲ್ಲವೆಂದರೆ, ಕೊರತೆ ಮಕ್ಕಳದಲ್ಲ.

ಪಟ್ಟಣದ ಓದುಗರಲ್ಲಿಯೂ ಒಂದು ಬಿನ್ನಹವಿದೆ. ನೀವು ಹಾರಲು ಹೋಗುವುದಾದರೆ ಹೋಗಿ; ಆದರೆ ಹಣ ಕೊಡುವ ಮುನ್ನ ಪೈಲಟನಿಗೆ ಮೂರು ಪ್ರಶ್ನೆ ಹಾಕಿ. ನಿನ್ನ ಹಾರಾಟದ ಪುಸ್ತಕವೆಲ್ಲಿ? ತುರ್ತಿನ ಪ್ಯಾರಾಶೂಟನ್ನು ಕಡೆಯ ಸಲ ಬಿಚ್ಚಿ ಮಡಿಸಿದ್ದು ಯಾವಾಗ? ಗಾಳಿ ಸರಿಯಿಲ್ಲವೆಂದು ಈ ತಿಂಗಳು ಎಷ್ಟು ದಿನ ಹಾರದೆ ಹಿಂದಿರುಗಿದೆ? ಕಡೆಯ ಪ್ರಶ್ನೆಗೆ ‘ಒಂದು ದಿನವೂ ಇಲ್ಲ’ ಎಂದು ಹೆಮ್ಮೆಯಿಂದ ಹೇಳುವವನಿಗೆ ನಮಸ್ಕರಿಸಿ ಗುಡ್ಡ ಇಳಿದುಬಿಡಿ. ಗಿರಾಕಿಗಳು ಹೀಗೆ ಕೇಳತೊಡಗಿದರೆ ವ್ಯಾಪಾರವೂ ತಾನಾಗಿ ವಿದ್ಯೆಯ ಕಡೆಗೆ ನಾಲ್ಕು ಹೆಜ್ಜೆ ಇಡುತ್ತದೆ.

ಆಡಳಿತದವರಿಂದ ನಾನು ಬೇಡುವುದು ದೊಡ್ಡದೇನಲ್ಲ. ತಂತಿಗಳಿಂದಲೂ ರೈಲಿನಿಂದಲೂ ದೂರವಾದ ಒಂದು ಬೀಳು ಬಯಲು. ಅರ್ಹತೆ ಪಡೆದ ಒಬ್ಬ ಶಿಕ್ಷಕ. ಈ ಐದು ಊರುಗಳಿಂದ ಆರಿಸಿದ ಹತ್ತು ಮಂದಿ, ಅವರಲ್ಲಿ ಐವರು ಹುಡುಗಿಯರು. ಮೊದಲ ಮಳೆಗಾಲ ಕಳೆದ ಮೇಲೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ನೆಲದ ಮೇಲಿನ ಅಭ್ಯಾಸ, ರಾಶಿ ಮುಗಿದು ಹೊಲ ಬರಿದಾದ ಮೇಲೆ ಬೆಳಗಿನ ಹೊತ್ತಿನ ರಾಟೆಯ ಹಾರಾಟ. ಯಾರ ಹೊಲದಲ್ಲಿ ಇಳಿದರೂ ಹೊಲದೊಡೆಯನಿಗೆ ಕೈಮುಗಿದು ಹೇಳಿ ಬರತಕ್ಕದ್ದು ಎಂಬುದು ಮೊದಲ ಪಾಠವಾಗಲಿ. ಎರಡು ವರ್ಷ ಅವರಲ್ಲಿ ಯಾರೂ ಪ್ರವಾಸಿಗನೊಬ್ಬನನ್ನೂ ಕಟ್ಟಿಕೊಂಡು ಹಾರದಿರಲಿ. ಉತ್ಸವದ ಮೈದಾನಕ್ಕೆ ಅವರನ್ನು ಯಾರೂ ಕರೆಯದಿರಲಿ. ಮೂರನೆಯ ವರ್ಷದ ಮಾರ್ಚಿನಲ್ಲಿ, ಬೆಳಗಿನ ಹತ್ತು ಗಂಟೆಯ ಹೊತ್ತಿಗೆ, ಚಿತ್ತಾಪುರದ ಬಯಲಿನಲ್ಲಿ ಹಗ್ಗ ಬಿಟ್ಟ ಹುಡುಗಿಯೊಬ್ಬಳು ಯಾರ ನೆರವೂ ಇಲ್ಲದೆ ಏರುಗಾಳಿಯೊಂದನ್ನು ಹುಡುಕಿಕೊಂಡು ಸೇಡಮ್ಮಿನ ಹೊಲದಲ್ಲಿ ಇಳಿದರೆ, ಆ ದಿನ ಈ ಸೀಮೆಯ ಬಿಸಿಲಿಗೆ ಒಂದು ಹೊಸ ಅರ್ಥ ಬಂದಂತಾಯಿತು. ಅಲ್ಲಿಯವರೆಗೆ ಜೀಪು, ಹಗ್ಗ, ಛತ್ರಿಗಳನ್ನು ಉಗ್ರಾಣದಲ್ಲಿಟ್ಟು ಬೀಗ ಹಾಕಿದರೆ ಯಾರಿಗೂ ನಷ್ಟವಿಲ್ಲ.